ಹೊಸ್ತಿಲಾಚೆಯ ತಾಟು

ನಮ್ಮ ಮನೆಯಲ್ಲಿ ಮೀನು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಮನೆ ಇದ್ದದ್ದು ಕೆರೆಯ ಏರಿಯ ಮೇಲೆ. ಬಾಗಿಲು ತೆರೆದರೆ ಕಣ್ಣಿಗೆ ಬೀಳುವುದೆಲ್ಲ ನೀರು, ನೀರಿನ ತುಂಬ ಮೀನು. ಆದರೂ ಆ ಮಾತು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಅದಕ್ಕೆ ಇಟ್ಟಿದ್ದ ಹೆಸರು 'ನೀರಾಗಿಂದು', ಅಂದರೆ ನೀರೊಳಗಿನದು. ನೀರಾಗಿಂದು ಹಿಡಿಯೋರು ಬರಲಾಕತ್ತಾರ, ಬಾಗಿಲಾ ಮುಂದ ಮಾಡು ಎಂದು ಅವ್ವನಿಗೆ ಕೂಗಿ ಹೇಳುತ್ತಿದ್ದಳು. ಅವ್ವ ಬಾಗಿಲು ಮುಚ್ಚುತ್ತಿದ್ದಳು. ಈಗ ನಾನು ಐವತ್ತು ದಾಟಿದ ಹೆಂಗಸು. ನಾಸಿಕದ ಪಂಚವಟಿಯಲ್ಲಿ ಮೂರನೆಯ ಮಹಡಿಯ ಮನೆ, ಕೆಳಗೆ ದಿನವಿಡೀ ರಿಕ್ಷಾಗಳ ಗದ್ದಲ. ರವಿವಾರ ಬಂತೆಂದರೆ ಗಾಳದ ಕೋಲು ಹೆಗಲಿಗೇರಿಸಿ ಊರ ಹೊರಗಿನ ಹಿನ್ನೀರಿಗೆ ಹೋಗುತ್ತೇನೆ. ಮೀನು, ಮೀನು, ಮೀನು. ಬರೆದೆ ನೋಡಿ. ಏನೂ ಆಗಲಿಲ್ಲ.

ಆ ಕೆರೆ ಇದ್ದದ್ದು ಕನ್ನಡ ಎಂಬ ಊರಿನ ಹತ್ತಿರ. ನಗಬೇಡಿ, ಮರಾಠಿ ಸೀಮೆಯ ಆ ಊರಿನ ಹೆಸರೇ ಅದು. ಸಂಭಾಜಿನಗರದಿಂದ ಎಸ್.ಟಿ. ಬಸ್ಸು ಹಿಡಿದು ಹೋಗಬೇಕು. ಇಡೀ ಕನ್ನಡದಲ್ಲಿ ಕನ್ನಡ ಮಾತಾಡುವ ಮನೆ ನನಗೆ ಗೊತ್ತಿದ್ದಂತೆ ನಮ್ಮದೊಂದೇ. ಅಪ್ಪ ಬೀದರ ಕಡೆಯಿಂದ ನೌಕರಿಗೆಂದು ಬಂದವರು. ಅವರ ನೌಕರಿ ಎಂದರೆ ಹವಾಮಾನವನ್ನು ಅಳೆಯುವುದು. ಏರಿಯ ತುದಿಯಲ್ಲಿ ತಂತಿಬೇಲಿ ಹಾಕಿದ ಒಂದು ಸಣ್ಣ ಅಂಗಳವಿತ್ತು. ಅದರೊಳಗೆ ಮಳೆ ಅಳೆಯುವ ಡಬ್ಬಿ, ಬಿಳಿ ಬಣ್ಣದ ಪೆಟ್ಟಿಗೆಯಲ್ಲಿ ಎರಡು ಥರ್ಮಾಮೀಟರು, ಗಾಳಿ ಬಂದತ್ತ ಮೂತಿ ತಿರುಗಿಸುವ ಕಬ್ಬಿಣದ ಬಾಣ, ಮತ್ತು ಒಂದು ಅಗಲವಾದ ತಗಡಿನ ಹರಿವಾಣ. ನಾಲ್ಕು ಮಕ್ಕಳು ಕೂತು ಸ್ನಾನ ಮಾಡಬಹುದಾದಷ್ಟು ಅಗಲ, ಮೇಲೆ ತಂತಿಯ ಜಾಲರಿ. ಅದಕ್ಕೆ ಎಲ್ಲರೂ ಪ್ಯಾನು ಎನ್ನುತ್ತಿದ್ದರು. ಬಿಸಿಲಿಗೆ, ಗಾಳಿಗೆ ಕೆರೆಯ ನೀರು ದಿನಕ್ಕೆ ಎಷ್ಟು ಆರಿಹೋಗುತ್ತದೆ ಎಂಬುದನ್ನು ಆ ಪ್ಯಾನಿನ ನೀರು ನೋಡಿ ಲೆಕ್ಕ ಹಾಕುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ ಅಪ್ಪ ಟೋಪಿ ಹಾಕಿಕೊಂಡು ಅಲ್ಲಿಗೆ ಹೋಗುವರು. ಮೈಯಲ್ಲಿ ಜ್ವರವಿದ್ದರೂ ಕಂಬಳಿ ಹೊದ್ದುಕೊಂಡೇ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು, ಇಷ್ಟೇ ಅವರ ಧರ್ಮ. ಅವರು ಲಿಂಗಪೂಜೆಯನ್ನು ಒಮ್ಮೊಮ್ಮೆ ಅವಸರದಲ್ಲಿ ಮುಗಿಸಿದ್ದುಂಟು, ಪ್ಯಾನಿನ ಮುಂದೆ ಮಾತ್ರ ಅವಸರ ಮಾಡಿದವರಲ್ಲ.

ಮನೆ ಎರಡೇ ಕೋಣೆಯದು. ಮುಂದಿನ ಕೋಣೆಯ ಒಂದು ಮೂಲೆಯಲ್ಲಿ ಅಪ್ಪನ ರಿಜಿಸ್ಟರುಗಳ ಮೇಜು, ಎದುರು ಮೂಲೆಯಲ್ಲಿ ಆಯಿಯ ದೇವರ ಜಗಲಿ. ಒಳಗೆ ಅಡುಗೆಮನೆ, ಹೊರಗೆ ಕಲ್ಲು ಹಾಸಿದ ಪಡಸಾಲೆ. ಆಯಿ ನಸುಕಿಗೇ ಎದ್ದು ಮಿಂದು, ಹಣೆಗೆ ಮೂರು ಎಳೆ ವಿಭೂತಿ ಎಳೆದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳೆಂದರೆ ಕಾಗೆಯೂ ಕೂಗಲು ಹೆದರಬೇಕು. ಪೂಜೆಯಾಗದೆ ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಒಂದೇ ಸಾಲಿನಲ್ಲಿ ಕೂರಬೇಕು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಿಂಡಿ, ಮೊಸರು. ಆಕೆಯ ನೇಮ ಒಂದಿತ್ತು: ನೀರಾಗಿಂದು ಮುಟ್ಟಿದವರು ಆ ಸಾಲಿನಲ್ಲಿ ಕೂರುವಂತಿಲ್ಲ, ಅವರು ಕೈಯಿಟ್ಟ ಅಡುಗೆಯನ್ನು ಆಕೆ ಉಣ್ಣುವಂತಿಲ್ಲ. ಕೆಟ್ಟವಳಾಗಿರಲಿಲ್ಲ ಅವಳು. ನನ್ನ ತಲೆ ಬಾಚುವಾಗ ಒಂದು ಸಿಕ್ಕೂ ನೋಯದಂತೆ ಬಿಡಿಸುತ್ತಿದ್ದ ಕೈ ಅದು. ಆದರೆ ಹಟ ಎಂದರೆ ಹಟ. ಅದೇ ಹಟ ನನ್ನ ಮೈಯಲ್ಲಿಯೂ ಇಳಿದಿದೆ ಎಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ನನಗೆ ಗಾಳ ಹಿಡಿಸಿದವಳು ಸಖೂಬಾಯಿ. ಕೆರೆಯ ಆಚೆ ದಂಡೆಯಲ್ಲಿದ್ದ ಭೋಯಿಗಳ, ಅಂದರೆ ಬೆಸ್ತರ, ಓಣಿಯ ವಿಧವೆ. ಗಂಡಸರು ಬಲೆ ಹಾಕುತ್ತಿದ್ದರು, ಈಕೆ ಒಬ್ಬಳೇ ಬಿದಿರು ಕೋಲು ಹಿಡಿದು ಕಲ್ಲಿನ ಮೇಲೆ ಕೂರುತ್ತಿದ್ದಳು. ಆಕೆ ಹಿಡಿಯುತ್ತಿದ್ದದ್ದು ಮರಾಠಿಯಲ್ಲಿ ಮರಳ ಎನ್ನುವ ಮೀನು. ಹಾವಿನಂಥ ತಲೆ, ಮೈಮೇಲೆ ಕಪ್ಪು ಪಟ್ಟೆ, ಮೊಳದುದ್ದ. ನೀರಿನಲ್ಲೇ ಇದ್ದರೂ ಅದಕ್ಕೆ ನೀರಿನ ಉಸಿರು ಸಾಲದು, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗಬೇಕು. ಶಾಲೆಯಿಂದ ಬರುವಾಗ ನಾನು ಏರಿಯ ದಾರಿ ಬಿಟ್ಟು ದಂಡೆಯ ದಾರಿ ಹಿಡಿಯುತ್ತಿದ್ದೆ. ಮೊದಮೊದಲು ದೂರ ನಿಂತು ನೋಡಿದೆ. ಆಮೇಲೆ ಹತ್ತಿರ ಕೂತೆ. ಒಂದು ದಿನ ಕೋಲು ನನ್ನ ಕೈಗೆ ಬಂತು. ಆಕೆ ಮಾತಾಡುತ್ತಿದ್ದದ್ದು ಮರಾಠಿ. ಆದರೆ ನನ್ನ ನೆನಪಿನಲ್ಲಿ ಆ ಮಾತೆಲ್ಲ ನಮ್ಮ ಮನೆಯ ಕನ್ನಡವಾಗಿಯೇ ಉಳಿದಿದೆ, ಏನು ಮಾಡಲಿ.

"ಮೀನ ನೋಡಬ್ಯಾಡ ಪೋರಿ, ಮುಗಲು ನೋಡು. ಮೀನ ಎಲ್ಲೂ ಹೋಗಂಗಿಲ್ಲ, ಮುಗಲು ಹೋಗತದ."

ಹೀಗೆ ಶುರುವಾಯಿತು ನನ್ನ ನಿಜವಾದ ಶಾಲೆ. ಚಳಿಗಾಲದಲ್ಲಿ ಬೆಳಿಗ್ಗೆಯೇ ಬಂದು ನಡುಗುತ್ತ ಕೂರುವವನು ದಡ್ಡ. ಬಿಸಿಲೇರಿ ದಂಡೆಯ ಕಲ್ಲು ಕಾಯುವ ತನಕ ಮರಳ ತಳ ಬಿಟ್ಟು ಏಳುವುದಿಲ್ಲ. ಬೇಸಿಗೆಯ ನಡುಮಧ್ಯಾಹ್ನ ಅದು ನೀರಕಳೆಯ ನೆರಳಲ್ಲಿ ಮಲಗಿರುತ್ತದೆ, ಮೂತಿಯ ಮುಂದೆ ಕಪ್ಪೆಮರಿ ಬಿಟ್ಟರೂ ಕಣ್ಣೆತ್ತುವುದಿಲ್ಲ. ಗಾಳಿ ಬೀಸುವಾಗ ಬೆನ್ನಿಗೆ ಗಾಳಿ ಕೊಟ್ಟು ಆರಾಮಾಗಿ ಕೂರುವ ದಂಡೆ ಬೇಡ, ಮುಖಕ್ಕೆ ರಾಚುವ ದಂಡೆ ಬೇಕು. ಹುಳುಹುಪ್ಪಟೆ ತೇಲಿ ಬರುವುದು ಆ ಕಡೆಗೆ, ಅವುಗಳ ಹಿಂದೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ಮರಳ. ಮೋಡ ಕವಿದು ಗಾಳಿ ಸತ್ತು ಮೈ ಅಂಟಂಟಾದರೆ ಮಳೆ ಹತ್ತಿರ, ಆಗ ಅದು ಮತ್ತೆ ಮತ್ತೆ ಮೇಲೆ ಬಂದು ಗುಟುಕರಿಸುತ್ತದೆ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಗುಡುಗು ಸಿಡಿಲಿನ ಮಳೆ ಹೊಡೆದುಹೋದ ಮರುದಿನ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಎಲ್ಲರಿಗೂ ಅದೇ ಒಳ್ಳೆಯ ದಿನ ಅನ್ನಿಸುತ್ತದೆ. ಸುಳ್ಳು. ಅಂಥ ಮಳೆಯ ಮೇಲೆ ಎರಡು ದಿನ ಮರಳ ಬಾಯಿಯನ್ನೇ ತೆರೆಯುವುದಿಲ್ಲ. ನಾನು ಆಕೆಯ ಈ ಮಾತುಗಳನ್ನು ಅಪ್ಪನ ಅಂಕಿಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಬೆಳಿಗ್ಗೆ ಅಪ್ಪ ಬರೆದದ್ದನ್ನು ಕದ್ದು ಓದುವುದು, ಸಂಜೆ ಕೆರೆಗೆ ಹೋಗಿ ಅದು ಖರೆಯೋ ಎಂದು ನೋಡುವುದು. ಗಾಳದ ದಾರ ಜಗ್ಗಿದರೆ ನಾನು ಆಕಾಶವನ್ನು ಸರಿಯಾಗಿ ಓದಿದ್ದೇನೆ ಎಂದು ಅರ್ಥ. ನನಗೆ ಬೇಕಾಗಿದ್ದದ್ದು ಆ ಜಗ್ಗು, ಅಷ್ಟೇ. ಮೀನನ್ನು ನಾನು ಆಗ ತಿಂದಿಲ್ಲ, ಇವತ್ತಿಗೂ ತಿಂದಿಲ್ಲ. ತಿನ್ನದವಳಿಗೆ ಗಾಳ ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ. ಸಖೂಬಾಯಿ ಕನ್ನಡದ ಸಂತೆಗೆ ಹೋಗಿದ್ದಳು. ಬೆಳಗಿನಿಂದ ಬೀಸುತ್ತಿದ್ದ ಪಡುವಣ ಗಾಳಿ ಮಧ್ಯಾಹ್ನದ ಹೊತ್ತಿಗೆ ನಿಂತು, ಮೋಡ ಇಳಿದು ಬಂತು, ಮಳೆ ಮಾತ್ರ ಬರಲಿಲ್ಲ. ಸಂಜೆ ಆಪುಹುಲ್ಲು ಬೆಳೆದ ಮೂಲೆಯಲ್ಲಿ ಮರಳ ಏಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಅಲ್ಲಿ ಹೋಗಿ ಕೂತೆ. ಎದ್ದಿತು! ಮೊಳಕ್ಕಿಂತ ಒಂದು ಗೇಣು ಕಡಿಮೆ, ಆದರೆ ನಾನೊಬ್ಬಳೇ ಓದಿ, ನಾನೊಬ್ಬಳೇ ಹಿಡಿದ ಮೊದಲ ಮೀನು. ಇದನ್ನು ಸಖೂಬಾಯಿಗೆ ತೋರಿಸದೆ ಬಿಟ್ಟರೆ ನಾನು ಬದುಕಿದ್ದೂ ದಂಡ. ಆಕೆ ಬರುವುದು ಮರುದಿನ ಬೆಳಿಗ್ಗೆ. ಮನೆಗೆ ಒಯ್ಯುವಂತಿಲ್ಲ, ಕೊಡದಲ್ಲಿ ಇಡುವಂತಿಲ್ಲ, ಕೆರೆಯಲ್ಲಿ ಕಟ್ಟಿಹಾಕಿದರೆ ಆಮೆ ಬಿಡುವುದಿಲ್ಲ. ಹನ್ನೊಂದು ವರ್ಷದ ತಲೆಗೆ ಹೊಳೆದದ್ದು ಒಂದೇ ಜಾಗ. ನೀರಿದೆ, ಜಾಲರಿಯಿದೆ, ಆಯಿ ಆ ಕಡೆ ಕಾಲಿಡುವುದಿಲ್ಲ. ಮೀನನ್ನು ಅಪ್ಪನ ಪ್ಯಾನಿನಲ್ಲಿ ಬಿಟ್ಟು ಬಂದೆ. ಬೆಳಿಗ್ಗೆ ಏಳಕ್ಕೇ ಓಡಿಹೋಗಿ ಅದನ್ನು ಎತ್ತಿಕೊಂಡು ಸಖೂಬಾಯಿಯ ಮುಂದೆ ಹಿಡಿದೆ. ಆಕೆ ಹಲ್ಲು ಬಿಟ್ಟು ನಕ್ಕಳು. ನಾನು ಅದನ್ನು ಮತ್ತೆ ಕೆರೆಗೆ ಬಿಟ್ಟದ್ದನ್ನು ನೋಡಿ ಹಣೆ ಹಣೆ ಬಡಿದುಕೊಂಡಳು, ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಆ ದಂಡೆಯವರಿಗೂ ನಾನು ಬೇಡವಾದೆ.

ಎಂಟೂವರೆಗೆ ಅಪ್ಪ ಪ್ಯಾನಿನ ಮುಂದೆ ನಿಂತಾಗ ನೀರು ಎರಡು ಬೆರಳು ಇಳಿದಿತ್ತು. ರಾತ್ರಿಯಿಡೀ ಮೀನು ಒದ್ದಾಡಿ ನೀರನ್ನು ಹೊರಗೆ ಚೆಲ್ಲಿತ್ತು. ಚೆಲ್ಲಿದ ನೀರನ್ನು ನೆಲ ಕುಡಿದಿತ್ತು. ಮೋಡ ಮುಚ್ಚಿದ, ಗಾಳಿಯಿಲ್ಲದ ದಿನ ಅಷ್ಟು ನೀರು ಆರುವುದು ಸಾಧ್ಯವೇ ಇಲ್ಲ. ಅಪ್ಪ ಮೂರು ಸಲ ಅಳೆದರು. ತಗಡು ಸೋರುತ್ತಿದೆಯೇ ಎಂದು ಅಂಗಾತ ಮಲಗಿ ಕೆಳಗಿನಿಂದ ನೋಡಿದರು. ಆಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದರು. ನಾನು ಶಾಲೆಯ ಚೀಲ ಹಿಡಿದುಕೊಂಡು ನೋಡುತ್ತ ನಿಂತಿದ್ದೆ, ಬಾಯಿ ಬಿಡಲಿಲ್ಲ. ನನ್ನ ಬಾಳಿನಲ್ಲಿ ನಾಚಿಕೆಪಡುವ ಗಳಿಗೆ ಅದೊಂದು, ಮೀನು ಹಿಡಿದದ್ದಲ್ಲ.

ತಿಂಗಳೊಪ್ಪತ್ತಿಗೆ ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಮುಂದಿನ ಕೋಣೆಯಲ್ಲಿ ಕೂತು ಅವ್ವ ಕೊಟ್ಟ ಚಹಾ ಕುಡಿದು ರಿಜಿಸ್ಟರು ತೆರೆದರು. ಆಯಿ ಜಗಲಿಯ ಹತ್ತಿರ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಸಾಹೇಬರು ಆ ದಿನದ ಅಂಕಿಯ ಮೇಲೆ ಬೆರಳಿಟ್ಟು, ನೀವು ಅಂಗಳಕ್ಕೆ ಹೋಗದೆ ಮನೆಯಲ್ಲೇ ಕೂತು ಬಾಯಿಗೆ ಬಂದ ಅಂಕಿ ಬರೆಯುತ್ತೀರೋ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪನ ಮುಖ ಸುಣ್ಣದ ಹಾಗಾಯಿತು. ಇಲ್ಲ ಸಾಹೇಬ್, ಅಳೆದೇ ಬರೆದಿದ್ದೇನೆ ಎಂದರು.  ಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಹೋದ ಮನುಷ್ಯನಿಗೆ ಈ ಮಾತೇ?  ಎದ್ದು ನಿಂತೆ. ಸಾಹೇಬರಿಗೆ ಮರಾಠಿಯಲ್ಲಿ ಹೇಳಿದೆ, ಮನೆಯವರಿಗೆ ತಿಳಿಯಲೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ.

"ಅಪ್ಪ ಸುಳ್ಳ ಬರದಿಲ್ಲ. ಪ್ಯಾನಿನಾಗ ನಾ ಮೀನ ಇಟ್ಟಿದ್ದೆ. ಅದು ನೀರ ಚೆಲ್ಲಿತು."

ಹೂಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರು ಹಿಡಿದರು ಎಂದು ಕೇಳಿದರು. ನಾನೇ ಎಂದೆ. ಅಪ್ಪ ನಗಲಿಲ್ಲ. ಪೆನ್ನು ತೆಗೆದು, ಆ ದಿನದ ಸಾಲಿನ ಮುಂದೆ ಷರಾ ಬರೆದರು: ಪ್ಯಾನಿನಲ್ಲಿ ಮೀನು ಇತ್ತು, ತಪ್ಪು ನನ್ನ ಮನೆಯದು. ಜೀಪು ಹೋದ ಮೇಲೆ ಅಪ್ಪ ನನಗೆ ಹೊಡೆಯಲಿಲ್ಲ. ಒಂದೇ ಮಾತು ಕೇಳಿದರು.

"ಆವತ್ತೇ ಯಾಕ ಹೇಳಲಿಲ್ಲ ನೀಲಾ?"

 ನಾನು ಅತ್ತುಬಿಟ್ಟೆ. ಆದರೆ ಆಯಿ ಎದ್ದು ಬಂದಾಗ ಅಳು ನಿಂತಿತು. ಆಕೆ ನನ್ನ ಕೈ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು ಜಗಲಿಯ ಕಡೆ ಬೆರಳು ತೋರಿಸಿದಳು.

"ಲಿಂಗಪ್ಪನ ಮುಂದ ನಿಂತು ಆಣಿ ಮಾಡು. ಇನ್ನ ನೀರಿಗಿ ಹೋಗಂಗಿಲ್ಲ, ಅದನ್ನ ಮುಟ್ಟಂಗಿಲ್ಲ ಅಂತ."

"ಪ್ಯಾನಿನಾಗ ಇಟ್ಟಿದ್ದು ತಪ್ಪು ಆಯಿ. ಅದಕ್ಕ ಬೇಕಂದ್ರ ಹತ್ತು ಸಲ ಮೂಗು ತಿಕ್ಕತೀನಿ. ಹಿಡದದ್ದು ತಪ್ಪಲ್ಲ. ಆಣಿ ಮಾಡಂಗಿಲ್ಲ."

"ಒಂದು ಜೀವಕ್ಕ ಕೊಕ್ಕಿ ಚುಚ್ಚೋದು ತಪ್ಪಲ್ಲ?"

ಈ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ನನ್ನ ಗಾಳದ ಕೊಕ್ಕೆಗೆ ಮೀನಿನ ಬಾಯಿ ಹರಿಯುವ ಮುಳ್ಳಿರುವುದಿಲ್ಲ, ಅರದಿಂದ ಉಜ್ಜಿ ತೆಗೆದಿರುತ್ತೇನೆ. ಆದರೆ ಆವತ್ತು ನಾನು ಬಗ್ಗಲಿಲ್ಲ. ಬಗ್ಗಿದ್ದರೆ ಕೆರೆ ಹೋಗುತ್ತಿತ್ತು, ಮುಗಿಲು ಹೋಗುತ್ತಿತ್ತು, ನಾನು ಎಂಬುವವಳು ಆಗತಾನೇ ಶುರುವಾಗಿದ್ದೆ, ಅದೂ ಹೋಗುತ್ತಿತ್ತು. ಆಯಿ ಅಡುಗೆಮನೆಗೆ ಹೋಗಿ ನನ್ನ ತಾಟು ತಂದು ಪಡಸಾಲೆಯ ಕಲ್ಲಿನ ಮೇಲೆ ಇಟ್ಟಳು. ಆಣೆ ಮಾಡುವ ತನಕ ನಿನ್ನ ಊಟ ಇಲ್ಲೇ ಎಂದಳು. ಆಗಲಿ ಎಂದೆ.

ಹತ್ತಿರ ಹತ್ತಿರ ಎರಡು ವರ್ಷ ಅಲ್ಲೇ ಉಂಡೆ. ಒಳಗೆ ಅವರ ಸಾಲು, ಹೊರಗೆ ನಾನೊಬ್ಬಳೇ. ಅವ್ವ ನನ್ನ ಹಿಂಡಿಯ ಮೇಲೆ ತುಸು ಹೆಚ್ಚು ಎಣ್ಣೆ ಹಾಕುತ್ತಿದ್ದಳು. ಹಬ್ಬದ ದಿನ ಹೋಳಿಗೆಯೂ ಹೊಸ್ತಿಲಾಚೆಗೇ ಬರುತ್ತಿತ್ತು. ನೋವಾಗಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಒಳಗಿನಿಂದ ನಗು ಕೇಳಿದಾಗ ಏನೆಂದು ಕತ್ತು ಉದ್ದ ಮಾಡುತ್ತಿದ್ದೆ. ಆದರೆ ಶಿಕ್ಷೆ ಕೊಟ್ಟವಳಿಗೆ ಒಂದು ವಿಷಯ ಹೊಳೆದಿರಲಿಲ್ಲ. ಪಡಸಾಲೆಯ ಆ ಕಲ್ಲಿನಿಂದ ಇಡೀ ಕೆರೆ ಕಾಣುತ್ತಿತ್ತು! ಮೋಡ ಯಾವ ಗುಡ್ಡದ ಸಂದಿಯಿಂದ ಏಳುತ್ತದೆ, ಗಾಳಿ ನೀರಿನ ಮೇಲೆ ಎಲ್ಲಿಂದ ಎಲ್ಲಿಗೆ ಗೆರೆ ಎಳೆಯುತ್ತದೆ, ಮರಳ ಎಲ್ಲಿ ಎಷ್ಟು ಹೊತ್ತಿಗೊಮ್ಮೆ ಗುಟುಕರಿಸುತ್ತದೆ, ದಿನಕ್ಕೆರಡು ಸಲ ಊಟದ ನೆವದಲ್ಲಿ ನೋಡುತ್ತ ಕೂತೆ. ಅಪ್ಪನೂ ಬೆಳಿಗ್ಗೆ ಅಂಗಳಕ್ಕೆ ಹೊರಟಾಗ ನನ್ನ ಹತ್ತಿರ ಒಂದು ಗಳಿಗೆ ನಿಲ್ಲತೊಡಗಿದರು. ಕೆರಿ ಏನಂತದ ಇವತ್ತು ಎಂದು ಕೇಳುವರು. ಹೇಳುತ್ತಿದ್ದೆ. ಬರೆದುಕೊಳ್ಳುತ್ತಿರಲಿಲ್ಲ, ತಲೆಯಾಡಿಸಿ ಹೋಗುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ಆಯಿ ವರ್ಷದ ಶಾವಿಗೆಗೆ ಕೂತಳು. ನಾಲ್ಕು ದಿನ ಅವ್ವ, ಆಯಿ ಇಬ್ಬರೂ ಶಾವಿಗೆ ಮಣೆಯ ಮೇಲೆ ಕೂತು ಕೈ ಸೋಲುವಷ್ಟು ಹೊಸೆದರು. ಐದನೆಯ ದಿನ ಪಡಸಾಲೆಯ ಮುಂದೆ ಮೂರು ಹೊರಸು ಹಾಕಿ, ಒಗೆದ ಧೋತರ ಹಾಸಿ, ಎಲ್ಲವನ್ನೂ ಬಿಸಿಲಿಗೆ ಹರವಿದರು. ಆಕಾಶ ನೀಲಿ, ಒಂದು ಮೋಡವಿಲ್ಲ. ಹನ್ನೊಂದರ ಹೊತ್ತಿಗೆ ನಾನು ರೊಟ್ಟಿ ಮುರಿಯುತ್ತ ಕೆರೆ ನೋಡಿದೆ. ಬಿರುಬಿಸಿಲಿನಲ್ಲಿ ಕಳೆಯ ನೆರಳಲ್ಲಿ ಮಲಗಬೇಕಾದ ಮರಳ ನಡುನೀರಿನಲ್ಲಿ ಒಂದರ ಹಿಂದೆ ಒಂದು ಎದ್ದು ಗುಟುಕರಿಸುತ್ತಿದ್ದವು. ಗಾಳಿ ಸತ್ತಿತ್ತು. ಕಬ್ಬಿಣದ ಬಾಣ ಅಲುಗದೆ ನಿಂತಿತ್ತು. ಕೈ ತೊಳೆದುಕೊಂಡು ಎದ್ದೆ.

"ಆಯಿ, ಶಾವಿಗಿ ತಗೀರಿ. ಮಧ್ಯಾಹ್ನದೊಳಗ ಮಳಿ ಬರತದ."

"ಯಾರಂದ್ರು? ನಿಮ್ಮಪ್ಪನ ಡಬ್ಬಿ ಅಂತೇನು?"

ಅಪ್ಪ ಮೇಜಿನಿಂದಲೇ, ನನ್ನ ಅಂಕಿಯಾಗ ಏನೂ ಕಾಣವಲ್ದು ಯವ್ವಾ ಎಂದರು. ಅವರು ಸುಳ್ಳು ಹೇಳುವವರಲ್ಲ. ನಾನಾದರೂ ಗಾಳಿ ಹೇಳಿತು ಎನ್ನಬಹುದಿತ್ತು. ಅರ್ಧ ಸತ್ಯ, ಆಯಿಯ ಕಿವಿಗೆ ಒಗ್ಗುವ ಮಾತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ನುಂಗಿಕೊಂಡೆ.

"ಮೀನ ಹೇಳಿತು."

ಆಯಿ ಮುಖ ತಿರುಗಿಸಿಕೊಂಡಳು. ಅವ್ವ ಹೊರಸಿನ ಕಡೆ ಒಂದು ಹೆಜ್ಜೆ ಇಟ್ಟವಳು ಅತ್ತೆಯ ಮುಖ ನೋಡಿ ನಿಂತಳು. ನೀರಾಗಿಂದರ ಮಾತು ಕೇಳಿ ನಾ ಶಾವಿಗಿ ತಗೀಲೇನು, ಇರಲಿ ಅಲ್ಲೇ ಎಂದು ಆಯಿ ಒಳಗೆ ಹೋದಳು. ನಾನೂ ಸೆಟೆದು ಕೂತೆ. ಒಂದು ತಾಸೂ ಆಗಲಿಲ್ಲ. ಪಡುವಣ ಗುಡ್ಡದ ಹಿಂದಿನಿಂದ ಕಪ್ಪು ಮೋಡ ಎದ್ದು, ಗಾಳಿ ಧೂಳೆಬ್ಬಿಸಿ, ಸಿಡಿಲು ಬಡಿದು, ದಪ್ಪ ದಪ್ಪ ಹನಿ ಬೀಳತೊಡಗಿದವು.  ಆಯಿ ಬರಿಗಾಲಲ್ಲಿ ಓಡಿಬಂದು ಒಂದು ಧೋತರದ ಎರಡು ಮೂಲೆ ಹಿಡಿದಳು. ಅವ್ವ, ಅಪ್ಪ ಇನ್ನೊಂದು ಹೊರಸಿನ ಹತ್ತಿರ ಹೋಗಿದ್ದರು. ಆಯಿಯ ಎದುರು ಮೂಲೆಗಳು ಖಾಲಿ ಇದ್ದವು. ನಾನು ಹಿಡಿದೆ. ಆಕೆ ನನ್ನ ಕೈ ನೋಡಿದಳು, ನನ್ನನ್ನು ನೋಡಿದಳು, ಬಿಡು ಎನ್ನಲಿಲ್ಲ. ಇಬ್ಬರೂ ನೆನೆದು ತೊಪ್ಪೆಯಾಗಿ ಒಳಗೆ ತಂದೆವು. ಎರಡು ಹೊರಸಿನ ಶಾವಿಗೆ ಹಿಟ್ಟಾಗಿ ಹೋಯಿತು. ಉಳಿದದ್ದು ನಾವಿಬ್ಬರು ತಂದದ್ದು, ಅದೂ ಅರ್ಧ ನೆನೆದದ್ದು, ಆವತ್ತೇ ಬೇಯಿಸದಿದ್ದರೆ ಹಳಸಿಹೋಗುವಂಥದ್ದು.

ಸಂಜೆ ಮಳೆ ನಿಂತ ಮೇಲೆ ಅವ್ವ ಬೆಲ್ಲ, ಹಾಲು ಹಾಕಿ ಶಾವಿಗೆ ಬೇಯಿಸಿದಳು. ನಾನು ನನ್ನ ಕಲ್ಲಿನ ಮೇಲೆ ಕೂತೆ. ನಾನು ಕೈಯಿಟ್ಟ ಶಾವಿಗೆ ಅದು. ಆಯಿ ಇವತ್ತು ಉಪವಾಸ ಮಲಗುತ್ತಾಳೆ ಎಂದು ನನಗೆ ಖಾತ್ರಿಯಿತ್ತು, ಅದಕ್ಕೆ ನಾನು ಕಾರಣವಲ್ಲ ಎಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಆಯಿ ಪೂಜೆ ಮುಗಿಸಿ ಬಂದಳು. ಅಡುಗೆಮನೆಯ ಸಾಲಿಗೆ ಹೋಗಲಿಲ್ಲ. ಮಣೆ ತಂದು ಹೊಸ್ತಿಲಿಗೆ ತಾಗಿಸಿ, ಒಳಗಿನ ಮಗ್ಗುಲಿಗೆ ಹಾಕಿಕೊಂಡು ಕೂತು, ನನಗೂ ಬಡಿಸು ಎಂದು ಅವ್ವನಿಗೆ ಹೇಳಿದಳು. ಹೊಸ್ತಿಲ ಆಚೆ ನಾನು, ಈಚೆ ಆಕೆ. ನನ್ನನ್ನು ಒಳಗೆ ಬಾ ಎಂದು ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ. ಆಕೆ ಒಂದೊಂದೇ ತುತ್ತು ಬಾಯಿಗಿಟ್ಟು, ಪೂರಾ ತಾಟು ಖಾಲಿ ಮಾಡಿ, ಕೆರೆಯ ಕಡೆ ನೋಡಿದಳು.

"ನಾಳಿಗಿ ಹೆಂಗದ?"

"ನಾಳಿಗಿ ಚಲೋ ಬಿಸಿಲ ಬೀಳತದ. ಸಿಡಲಿನ ಮಳಿ ಆಗ್ಯದಲ್ಲ, ಮೀನ ಎರಡ ದಿನ ಬಾಯಿ ತೆರಿಯಂಗಿಲ್ಲ."

ಆ ಮಾತಿಗೆ ಆಕೆ ಕಿವಿ ಮುಚ್ಚಿಕೊಳ್ಳಲಿಲ್ಲ. ಎದ್ದು, ಬಗ್ಗಿ, ಹೊಸ್ತಿಲಾಚೆ ಕೈ ಚಾಚಿ ನನ್ನ ಎಂಜಲು ತಾಟನ್ನು ತನ್ನ ತಾಟಿನ ಮೇಲೆ ಇಟ್ಟುಕೊಂಡಳು.

"ಹಂಗಾರ ಎರಡ ದಿನ ಮನ್ಯಾಗ ಇರು. ಶಾವಿಗಿ ಹೊಸಿಯೋದದ."

ಎರಡು ದಿನ ಆಕೆಯ ಎದುರು ಮಣೆಯ ಮೇಲೆ ಕೂತು ಶಾವಿಗೆ ಹೊಸೆದೆ. ಮೂರನೆಯ ದಿನ ಬೆಳಿಗ್ಗೆ ಆಯಿಯ ಕಣ್ಣೆದುರೇ ಗಾಳದ ಕೋಲು ಹೆಗಲಿಗೇರಿಸಿ ಏರಿ ಇಳಿದೆ.